ಹದಿನೇಳನೆಯ ವಯಸ್ಸಿನಲ್ಲಿ ಮೈದಾನಕ್ಕೆ ಇಳಿದವರು

1977ರಲ್ಲಿ ಡೆನ್ಮಾರ್ಕಿನ ಸ್ಟ್ರೂಯರ್ ಎಂಬ ಸಣ್ಣ ಊರಿನಿಂದ ವಿನಿಮಯ ವಿದ್ಯಾರ್ಥಿಯಾಗಿ ಇಂಡಿಯಾನಾಪೊಲಿಸ್‌ಗೆ ಬಂದ ಮಾರ್ಟನ್ ಆಂಡರ್ಸನ್ ಅದುವರೆಗೆ ಅಮೆರಿಕನ್ ಫುಟ್‌ಬಾಲ್ ಆಡಿಯೇ ಇರಲಿಲ್ಲ. ಊರಿನಲ್ಲಿ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಆಡಿದ್ದ, ಜಿಮ್ನಾಸ್ಟಿಕ್ಸ್ ಮತ್ತು ಉದ್ದ ಜಿಗಿತದಲ್ಲಿ ಪಳಗಿದ್ದ ಈ ಹುಡುಗ ಬೆನ್ ಡೇವಿಸ್ ಹೈಸ್ಕೂಲಿನಲ್ಲಿ ಸುಮ್ಮನೆ ಒಮ್ಮೆ ಆ ಮೊಟ್ಟೆಯಾಕಾರದ ಚೆಂಡನ್ನು ಎಡಗಾಲಿನಿಂದ ಒದ್ದು ನೋಡಿದ. ಶಾಲೆಯ ತಂಡ ಅವನನ್ನು ಸೇರಿಸಿಕೊಂಡಿತು. ಅವನ ಒಂದೇ ಋತುವಿನ ಆಟವನ್ನು ನೋಡಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು. ವರ್ಷ ಮುಗಿಸಿ ಊರಿಗೆ ಮರಳಬೇಕಿದ್ದವರು 1982ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ಸೇರಿ, 25 ಋತುಗಳಲ್ಲಿ 382 ಪಂದ್ಯಗಳನ್ನಾಡಿ, 47ನೆಯ ವಯಸ್ಸಿನವರೆಗೂ ವೃತ್ತಿಪರ ಆಟಗಾರರಾಗಿ ಉಳಿದರು.

ಈ ಆಟದಲ್ಲಿ ಕಿಕ್ಕರ್‌ನ ಕೆಲಸ ನೋಡುವುದಕ್ಕೆ ಚಿಕ್ಕದು. ಒಬ್ಬ ಆಟಗಾರ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಮಂಡಿಯೂರಿ ಅದನ್ನು ಹಿಡಿದು ನೆಲದ ಮೇಲೆ ನಿಲ್ಲಿಸುತ್ತಾನೆ, ಮೈಮೇಲೆ ಬೀಳಲು ಬರುತ್ತಿರುವ ಎದುರಾಳಿಗಳು ಹತ್ತಿರವಾಗುವ ಮೊದಲೇ ಕಿಕ್ಕರ್ ಅದನ್ನು ಹದಿನೆಂಟೂವರೆ ಅಡಿ ಅಂತರದ ಎರಡು ಕಂಬಗಳ ನಡುವೆ, ಹತ್ತು ಅಡಿ ಎತ್ತರದ ಅಡ್ಡಪಟ್ಟಿಯ ಮೇಲಿಂದ ದಾಟಿಸಬೇಕು. ಚೆಂಡನ್ನು ಹಿಂದಕ್ಕೆ ಎಸೆದಲ್ಲಿಂದ ಒದೆಯುವವರೆಗೆ ಇಷ್ಟೆಲ್ಲ ಮುಗಿಯುವುದು ಒಂದೂವರೆ ಸೆಕೆಂಡಿನೊಳಗೆ. ಆಂಡರ್ಸನ್ ಇದನ್ನು ಮೂರು ಅಂಕಗಳ ಫೀಲ್ಡ್ ಗೋಲಾಗಿ 565 ಬಾರಿ, ಒಂದು ಅಂಕದ ಹೆಚ್ಚುವರಿ ಒದೆತವಾಗಿ 849 ಬಾರಿ ಮಾಡಿ ಒಟ್ಟು 2,544 ಅಂಕಗಳನ್ನು ಗಳಿಸಿದರು. ಈ ದಾಖಲೆ ಮುರಿದದ್ದು 2018ರಲ್ಲಿ.

ನಾನು ಹನ್ನೆರಡು ವರ್ಷಗಳಿಂದ ನೆಲೆಸಿರುವ ಅಟ್ಲಾಂಟಾದಲ್ಲಿ ಹಳಬರು ಅವರನ್ನು ನೆನೆಯುವುದು ಒಂದೇ ಒಂದು ಒದೆತಕ್ಕಾಗಿ. 1999ರ ಜನವರಿ 17ರಂದು ಮಿನಿಯಾಪೊಲಿಸ್‌ನಲ್ಲಿ, ಆಗ ಅವರು ಆಡುತ್ತಿದ್ದ ಅಟ್ಲಾಂಟಾ ಫಾಲ್ಕನ್ಸ್ ತಂಡ ಮಿನೆಸೋಟಾ ವೈಕಿಂಗ್ಸ್ ಎದುರು ಸೋಲಿನ ಅಂಚಿನಲ್ಲಿತ್ತು. ಆ ಋತುವಿನಲ್ಲಿ ಅದುವರೆಗೆ ಒಂದೂ ಫೀಲ್ಡ್ ಗೋಲ್ ತಪ್ಪದ ವೈಕಿಂಗ್ಸ್‌ನ ಗ್ಯಾರಿ ಆಂಡರ್ಸನ್ ಅಂದು ಮೊದಲ ಬಾರಿಗೆ ತಪ್ಪಿದರು; ಹೆಚ್ಚುವರಿ ಅವಧಿಯಲ್ಲಿ ಮಾರ್ಟನ್ 38 ಗಜಗಳಿಂದ ಒದ್ದ ಚೆಂಡು ಕಂಬಗಳ ನಡುವೆ ದಾಟಿ, ಫಾಲ್ಕನ್ಸ್ ಮೊದಲ ಬಾರಿಗೆ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯಕ್ಕೆ ಹೋಯಿತು. ಗ್ಯಾರಿ ಕೂಡ ಹೊರಗಿನವರೇ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಅಮೆರಿಕನ್ನರು ತಮ್ಮದೇ ಎಂದು ಎದೆಗವಚಿಕೊಂಡಿರುವ ಆಟದ ದೊಡ್ಡ ಪಂದ್ಯವೊಂದರ ಗತಿ ಹೊರಗಿನಿಂದ ಬಂದ ಇಬ್ಬರ ಕಾಲಿನ ಮೇಲೆ ನಿಂತಿತ್ತೆಂಬುದು ಹೊರನಾಡಿನಲ್ಲಿ ಬದುಕುವ ನನ್ನಂಥವರ ಮನಸ್ಸಿಗೆ ಬೇಗ ನಾಟುತ್ತದೆ.

ಈ ದಾರಿಯಲ್ಲಿ ಮಾರ್ಟನ್ ಮೊದಲಿಗರೂ ಅಲ್ಲ. ಹಂಗೆರಿಯಲ್ಲಿ ಹುಟ್ಟಿದ ಪೀಟ್ ಗೊಗೊಲಾಕ್ 1964ರಲ್ಲಿ ಬಫಲೊ ತಂಡದಲ್ಲಿ ಸಾಕರ್ ಆಟಗಾರರಂತೆ ಓರೆಯಾಗಿ ಓಡಿ ಬಂದು ಪಾದದ ಮೇಲ್ಭಾಗದಿಂದ ಒದೆಯುವ ಕ್ರಮವನ್ನು ವೃತ್ತಿಪರ ಆಟಕ್ಕೆ ತಂದರು. ಅಲ್ಲಿಯವರೆಗೆ ಎಲ್ಲರೂ ನೇರವಾಗಿ ಬಂದು ಬೆರಳ ತುದಿಯಿಂದ ಒದೆಯುತ್ತಿದ್ದರು. ನಾರ್ವೆಯ ಯಾನ್ ಸ್ಟೆನೆರುಡ್ ಮೊಂಟಾನಾ ಸ್ಟೇಟ್‌ಗೆ ಬಂದದ್ದು ಹಿಮದ ಸ್ಕೀ ಜಿಗಿತಕ್ಕೆ ಸಿಕ್ಕ ವಿದ್ಯಾರ್ಥಿವೇತನದ ಮೇಲೆ. ಬರಿಯ ಕಿಕ್ಕರ್ ಆಗಿದ್ದುಕೊಂಡೇ ಹಾಲ್ ಆಫ್ ಫೇಮ್ ಎಂಬ, ಈ ಆಟದ ಶ್ರೇಷ್ಠರ ಗೌರವ ಪಟ್ಟಿ ಸೇರಿದ ಮೊದಲಿಗರು ಅವರು, 1991ರಲ್ಲಿ. ಎರಡನೆಯವರು ಮಾರ್ಟನ್ ಆಂಡರ್ಸನ್, 2017ರಲ್ಲಿ.

ನಾನೂ ಉದ್ದ ಜಿಗಿತದ ಹುಡುಗನಾಗಿದ್ದೆ. ಶಿವಮೊಗ್ಗ ಜಿಲ್ಲೆಯ ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಬೆಳಗ್ಗೆ ಆರಕ್ಕೇ ಬಂದು, ರಾತ್ರಿ ನಾಯಿಗಳು ತುಳಿದುಹೋದ ಮರಳನ್ನು ಗುದ್ದಲಿಯಿಂದ ಕೆದಕಿ ಹದ ಮಾಡಿಕೊಡುತ್ತಿದ್ದರು. ಜಿಲ್ಲಾ ಮಟ್ಟದವರೆಗೆ ಹೋದೆ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡ ಜೂನ್ ತಿಂಗಳಲ್ಲಿ ಉಪನ್ಯಾಸಕರೊಬ್ಬರು ಅಪ್ಪನನ್ನು ಕರೆಸಿ, ಇನ್ನೆರಡು ವರ್ಷ ಇವನು ಮೈದಾನದ ಕಡೆ ತಲೆ ಹಾಕದಂತೆ ನೋಡಿಕೊಳ್ಳಿ ಎಂದರು. ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ನಮ್ಮ ಕಡೆ ಎಲ್ಲರೂ ಅದನ್ನೇ ಹೇಳುತ್ತಾರೆ, ಅಪ್ಪನೂ ಹಾಗೆಯೇ ನಂಬಿದ್ದರು. ಆದರೆ ಆಂಡರ್ಸನ್ ಹೊಸ ಆಟವೊಂದನ್ನು ಶುರುಮಾಡಿದ ವಯಸ್ಸಿನಲ್ಲಿಯೇ ನಾವು ಇದ್ದ ಆಟವನ್ನೂ ಬಿಡಿಸುತ್ತೇವೆಂಬುದು ನನಗೆ ಈಗಲೂ ನುಂಗಲಾರದ ನೋವು.

ಕರ್ನಾಟಕದಲ್ಲಿ ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ, ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆ. ಆದರೆ ನಿಲಯಗಳು ಚಿಕ್ಕಂದಿನಲ್ಲಿಯೇ ಗುರುತಿಸಿಕೊಂಡ ಮಕ್ಕಳಿಗಾಗಿ ಇವೆ, ಕೋಟಾ ಆಗಲೇ ಪದಕ ಗೆದ್ದವರಿಗಾಗಿ ಇದೆ. ಇನ್ನೂ ಏನೂ ಆಗದ, ಸುಮ್ಮನೆ ಒಮ್ಮೆ ಒದ್ದು ನೋಡುವ ಹದಿನೇಳರ ಹುಡುಗನಿಗೆ, ಹುಡುಗಿಗೆ ಜಾಗವಿಲ್ಲ. ಡೆನ್ಮಾರ್ಕಿನಲ್ಲಿ ಆ ಜಾಗವನ್ನು ಶಾಲೆಗಿಂತ ಹೆಚ್ಚಾಗಿ ಊರ ಕ್ರೀಡಾ ಸಂಘಗಳು ಕೊಡುತ್ತವೆ, ಅಮೆರಿಕದಲ್ಲಿ ಶಾಲೆಯೇ ಕೊಡುತ್ತದೆ. ನಮ್ಮಲ್ಲಿ ಊರೂರಿಗೂ ಯುವಕ ಸಂಘವಿದ್ದರೂ ಪರೀಕ್ಷೆಯ ವರ್ಷ ಬಂತೆಂದರೆ ಮನೆಯವರು ಅಲ್ಲಿಗೂ ಕಳಿಸುವುದಿಲ್ಲ.

ಇಲ್ಲಿನ ಕ್ರಮವನ್ನೂ ನಾನು ಪೂರ್ತಿ ಒಪ್ಪಲಾರೆ. ಮೈಗೆ ಮೈ ಬಡಿದು ಆಡುವ ಸ್ಥಾನಗಳಲ್ಲಿ ಮಕ್ಕಳ ತಲೆಗೆ ಬೀಳುವ ಪೆಟ್ಟಿಗೆ ಯಾವ ವಿದ್ಯಾರ್ಥಿವೇತನವೂ ಸಮನಾಗದು. ನನ್ನ ಮಗ ಆ ಸ್ಥಾನದಲ್ಲಿ ಆಡುವುದನ್ನು ನಾನು ಒಪ್ಪುವುದಿಲ್ಲ. ಆದರೂ ಸಂಜೆ ಅವನನ್ನು ಕರೆತರಲು ಶಾಲೆಗೆ ಹೋದಾಗ ಮೈದಾನದ ಮೂಲೆಯಲ್ಲಿ ತೆಳ್ಳನೆಯ ಹುಡುಗನೊಬ್ಬ ಚೀಲದ ತುಂಬ ಚೆಂಡುಗಳನ್ನಿಟ್ಟುಕೊಂಡು, ಮೂರು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಪಕ್ಕಕ್ಕೆ ಅಳೆದು, ಒಂದಾದ ಮೇಲೊಂದು ಒದೆಯುತ್ತಿರುವುದನ್ನು ನೋಡುತ್ತೇನೆ. ಹೋದ ವರ್ಷದವರೆಗೆ ಅವನು ಸಾಕರ್ ಮಾತ್ರ ಆಡುತ್ತಿದ್ದನಂತೆ. ಎಲ್ಲ ಚೆಂಡುಗಳನ್ನೂ ಒದ್ದು ಮುಗಿಸಿ, ತಾನೇ ಹೋಗಿ ಹೆಕ್ಕಿಕೊಂಡು ಬಂದು, ಮತ್ತೆ ಹೆಜ್ಜೆ ಅಳೆಯುತ್ತಾನೆ.

ಕಳೆದ ವಾರ ಊರಿನಿಂದ ಅಕ್ಕ ಫೋನ್ ಮಾಡಿದ್ದಳು. ಅವಳ ಮಗ ಖೋ ಖೋ ಚೆನ್ನಾಗಿ ಆಡುತ್ತಾನೆ. ಈ ಸಲ ಎರಡನೆಯ ಪಿಯುಸಿ, ಆಟ ಬಿಡಿಸಿದ್ದೇವೆ, ಒಂದು ವರ್ಷ ತಾನೆ ಎಂದಳು. ಸಂಜೆ ಐದರಿಂದ ಆರರವರೆಗೆ ಅವನನ್ನು ಮೈದಾನಕ್ಕೆ ಬಿಡಕ್ಕ, ಸಿಇಟಿಗೆ ಅವನು ಓದುವುದಕ್ಕೆ ನಾನು ಹೊಣೆ, ದಿನವೂ ವಿಡಿಯೊ ಕರೆಯಲ್ಲಿ ಕೂತು ಗಣಿತ ಹೇಳಿಕೊಡುತ್ತೇನೆ ಎಂದೆ. ಭಾವನನ್ನು ಕೇಳಿ ಹೇಳುತ್ತೇನೆ ಎಂದಿದ್ದಾಳೆ.