ಇಂಚು ಕೇಳ್ತೀರಿ, ತೂಕ ಯಾಕೆ ಕೇಳೋದಿಲ್ಲ?

ಶಿರಸಿಯ ಅಂಗಡಿಯೊಂದರಲ್ಲಿ ಈಗಷ್ಟೇ ನೋಡಿದ್ದು. ಗಾದಿ ಮೇಲೆ ಹಾಸುವ ಲ್ಯಾಟೆಕ್ಸ್ ಟಾಪರ್‌ಗೆ, ಅಂದರೆ ರಬ್ಬರ್ ಫೋಮಿನ ಪದರಕ್ಕೆ, ಅರ್ಧ ತಾಸು ಚೌಕಾಸಿ. ಎಷ್ಟು ಇಂಚು, ಎಷ್ಟು ವರ್ಷ ಗ್ಯಾರಂಟಿ, ಕವರ್ ಬೇರೆ ಬಣ್ಣದ್ದು ಇದ್ಯಾ, ಎಲ್ಲ ಕೇಳಿದರು. ತೂಕ ಮಾತ್ರ ಕೇಳಲಿಲ್ಲ. ಕಡಿಮೆ ದರ್ಜೆಯ ಬಿಳೆಗೋಟು ಅಡಿಕೆಯನ್ನು ಒಳ್ಳೆಯ ಚಾಲಿ ಅಡಿಕೆ ದರಕ್ಕೆ ತಗೊಳ್ಳಿ ಅಂದರೆ ನಗುವ ಊರು ಮಾರಾಯ್ರೆ ಇದು!

ಲೆಕ್ಕ ಸುಲಭ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿ, ಘನ ಮೀಟರ್ ಸಿಗುತ್ತದೆ. 78×60ರ 2 ಇಂಚಿನ ಟಾಪರ್ ಅಂದರೆ 0.153. ಲ್ಯಾಟೆಕ್ಸ್ ಆದರೆ ಘನ ಮೀಟರಿಗೆ ಸುಮಾರು 65 ಕಿಲೋ ಆದರೂ ಇರಬೇಕು, ಅಂದರೆ ಟಾಪರ್ 10 ಕಿಲೋ ತೂಗಬೇಕು. ಐದೇ ಕಿಲೋ ಬಂತೋ, ಅದು ಸಾದಾ ಪಿಯು (ಪಾಲಿಯುರೆಥೇನ್) ಫೋಮ್. ಲೇಬಲ್ ಮೇಲೆ 'ಲ್ಯಾಟೆಕ್ಸ್ ಫೀಲ್' ಅಂತ ಬರೆದಿರುತ್ತಾರೆ. ಫೀಲ್ ಅಂತೆ!

ಸಿಂಥೆಟಿಕ್ ಲ್ಯಾಟೆಕ್ಸ್ ಅಂದಕೂಡಲೇ ಮೂಗು ಮುರಿಯೋದೂ ಬೇಡ. ಅದು ಎಸ್‌ಬಿಆರ್, ಪೆಟ್ರೋಲಿಯಂ ಮೂಲದ ರಬ್ಬರ್. ರಬ್ಬರ್ ಮರದ ಹಾಲಿನ ಲ್ಯಾಟೆಕ್ಸಿನಷ್ಟು ಪುಟಿಯುವುದಿಲ್ಲ, ಬಾಳಿಕೆಯೂ ಕಡಿಮೆ, ಆದರೆ ಗಟ್ಟಿ ಕಾಯರ್ ಗಾದಿ ಮೇಲೆ 2 ಇಂಚು ಹಾಸಲಿಕ್ಕೆ ಧಾರಾಳ ಸಾಕು. ಮಗ್ಗುಲಾಗಿ ಮಲಗುವವರು, ಮೈಭಾರ ಇದ್ದವರು 3 ಇಂಚು ತಗೊಳ್ಳಿ. ಗಾದಿಯೇ ನಡುವೆ ಕುಸಿದಿದ್ದರೆ ಟಾಪರ್ ದುಡ್ಡು ದಂಡ. ಅದೂ ಅದೇ ಹೊಂಡಕ್ಕೆ ಇಳಿಯುತ್ತದೆ. ಅಂಚಿನಿಂದ ಅಂಚಿಗೆ ದಾರ ಎಳೆದು ನೋಡಿ, ಇಂಚಿಗಿಂತ ಆಳ ಇದ್ದರೆ ಮೊದಲು ಗಾದಿ ಬದಲಿಸಿ.

'ಚಾಕ್ ಪುಡಿ ಬೆರೆಸಿ ತೂಕ ಏರಿಸ್ತಾರಲ್ಲ?' ಅಂತ ಒಬ್ಬ ಜಾಣರು ಕೇಳಿಯೇ ಕೇಳ್ತಾರೆ. ಬೆರೆಸ್ತಾರೆ ಸ್ವಾಮಿ. ಜಿಪ್ ತೆಗೆದು ಮೂಲೆ ಹಿಡಿದು ಜಗ್ಗಿ: ಪುಡಿ ಹೆಚ್ಚಿದ್ದರೆ ಬೇಗ ಹರಿಯುತ್ತದೆ, ಬೆರಳಿಗೆ ಬಿಳಿ ಹತ್ತುತ್ತದೆ. ಮುಷ್ಟಿ ಒತ್ತಿ ಬಿಟ್ಟರೆ ತಕ್ಷಣ ಮೇಲೆ ಬರಬೇಕು. ಗುರುತು ನಿಧಾನ ಮಾಯುತ್ತಿದ್ದರೆ ಅದು ಮೆಮೊರಿ ಫೋಮ್. ಆದರೆ ಇದೆಲ್ಲ ತೂಕ ನೋಡಿದ ಮೇಲಿನ ಮಾತು. ತೂಕವನ್ನೇ ಕೇಳದವರಿಗೆ ಚಾಕ್ ಪುಡಿಯ ಚಿಂತೆ ಯಾಕೆ?

ಇನ್ನೊಂದು, ಕಾರವಾರ, ಕುಮಟಾ ಕಡೆಯವರಿಗೆ. ಮಳೆಗಾಲ ಮುಗಿದ ಕೂಡಲೇ ಹಾಸಿಗೆ, ಕಂಬಳಿ ಎಲ್ಲ ಅಂಗಳಕ್ಕೆ ಎಳೆಯುತ್ತೀರಲ್ಲ, ಟಾಪರ್ ಎಳೆಯಬೇಡಿ. ಹತ್ತಿ ಗಾದಿಗೆ ಬಿಸಿಲು ಔಷಧ, ಲ್ಯಾಟೆಕ್ಸಿಗೆ ವಿಷ. ಹಳದಿಯಾಗಿ, ಗಡಸಾಗಿ, ಕೊನೆಗೆ ರಸ್ಕಿನ ಹಾಗೆ ಉದುರುತ್ತದೆ. ನೀರಲ್ಲಿ ನೆನೆಸಲೂಬೇಡಿ, ನೀರು ಕುಡಿದದ್ದನ್ನು ಎತ್ತುವಾಗ ತನ್ನ ಭಾರಕ್ಕೇ ಹರಿಯುತ್ತದೆ. ಕವರ್ ಮಾತ್ರ ಒಗೆಯಿರಿ. ಪ್ಲೈವುಡ್ ಮಂಚವಾದರೆ ಜಡಿಮಳೆಯಲ್ಲಿ ಅಡಿಗೆ ಬೂಸಲು ಹಿಡಿಯುತ್ತದೆ, ವಾರಕ್ಕೊಮ್ಮೆ ಗಾದಿ, ಟಾಪರ್ ಎರಡನ್ನೂ ನೆರಳಲ್ಲೇ ಎತ್ತಿ ನಿಲ್ಲಿಸಿ ಫ್ಯಾನ್ ಹಾಕಿ.

ಆನ್‌ಲೈನ್ ತರಿಸುವವರು ಪಾರ್ಸಲ್ ಬಿಚ್ಚುವ ಮೊದಲೇ ಅಡಿಕೆ ತೂಗುವ ಮಷಿನ್ ಮೇಲೆ ಇಡಿ. ಕಡಿಮೆ ಬಂದರೆ ಬಿಚ್ಚಲೇಬೇಡಿ, ಬಿಚ್ಚಿದರೆ ಉಬ್ಬಿಕೊಳ್ಳುತ್ತದೆ, ಮತ್ತೆ ಆ ಡಬ್ಬಿಯೊಳಗೆ ತುಂಬಲಿಕ್ಕೆ ಬ್ರಹ್ಮನಿಂದಲೂ ಆಗೋದಿಲ್ಲ.