ಟೈಪ್ ಮಾಡಿ ಅಂತದೆ, ಕೀಬೋರ್ಡ್ ಮಾತ್ರ ಕೇಳ್ಬೇಡಿ

ನಮ್ಮ ಭಾವನಿಗೆ ಡಿಸ್ಕಲ್ಲಿ ಜಾಗ ಉಳಿಸೋ ಚಟ. ಡೆಬಿಯನ್ ಅನ್ನೋ ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಎಕ್ಸ್‌ಪರ್ಟ್ ಮೋಡಲ್ಲಿ ಒಂದು ಪ್ರಶ್ನೆ ಬರತ್ತೆ, ಬೂಟ್ ಆಗುವಾಗ ಮೊದಲು ಮೆಮೊರಿಗೆ ಬರೋ ಪುಟ್ಟ ಫೈಲ್ ಗಂಟು, ಅಂದ್ರೆ ಇನಿಟ್‌ರಾಮ್‌ಎಫ್‌ಎಸ್‌ಗೆ ಎಲ್ಲಾ ಡ್ರೈವರ್ ತುಂಬ್ಲಾ, ಇಲ್ಲಾ ಈ ಮಷಿನ್ನಿಗೆ ಬೇಕಾದಷ್ಟೇ ಸಾಕಾ ಅಂತ. ಭಾವ ಎರಡನೇದನ್ನ ಆರಿಸಿದ್ರು, ಹಳೇ ಸಾಟಾ ಡಿಸ್ಕ್, ಯುಎಸ್‌ಬಿ ಅಲ್ಲದ ಹಳೇ ಪಿಎಸ್/2 ಕೀಬೋರ್ಡು, ವರ್ಷಗಟ್ಟಲೆ ಚೆನ್ನಾಗೇ ಓಡ್ತು. ಆಮೇಲೆ ಹೊಸ ಮದರ್‌ಬೋರ್ಡ್ ತಗೊಂಡು, ಅಂಗಡಿಯವನ ಕೈಲಿ ಡಿಸ್ಕನ್ನ ಹಾಗೇ ಎನ್‌ವಿಎಂಇ ಅನ್ನೋ ಹೊಸ ಥರದ ಡಿಸ್ಕಿಗೆ ಕ್ಲೋನ್ ಮಾಡಿಸ್ಕೊಂಡು ಬಂದ್ರು.

ಬೂಟ್ ಮೆನು ತೋರಿಸೋ ಗ್ರಬ್ ಬಂತು. ಆಮೇಲೆ ಅರ್ಧ ನಿಮಿಷ ಕಪ್ಪು ಸ್ಕ್ರೀನು, ಆಮೇಲೆ ರೂಟ್ ಫೈಲ್ ಸಿಸ್ಟಮ್‌ಗೆ ಕಾದು ಕಾದು ಸಾಕಾಯ್ತು ಅನ್ನೋ ಅರ್ಥದ ಒಂದು ಉದ್ದ ದೂರು, ಕೆಳಗೆ ಕಮಾಂಡ್ ಟೈಪ್ ಮಾಡೋ ಬಿಜಿಬಾಕ್ಸ್ ಪ್ರಾಂಪ್ಟು. ಪಾಪ, ಏನೇನು ನೋಡ್ಬೇಕು ಅಂತಾನೂ ಅದೇ ಬರೆದಿರತ್ತೆ: ಮಾಡ್ಯೂಲ್ (ಅಂದ್ರೆ ಡ್ರೈವರ್) ಇಲ್ಲದೇ ಇರಬಹುದು, ಕ್ಯಾಟ್ ಪ್ರಾಕ್ ಮಾಡ್ಯೂಲ್ಸ್ ಅನ್ನೋ ಕಮಾಂಡ್ ಕೊಟ್ಟು ನೋಡಿ ಅಂತ.

"ಹೇಳ್ತಾ ಇದೆಯಲ್ಲೋ, ಮಾಡು" ಅಂದ್ರು ಭಾವ.

ಮಾಡೋದು ಹೇಗೆ, ಹೊಸ ಯುಎಸ್‌ಬಿ ಕೀಬೋರ್ಡಿಗೆ ಜೀವಾನೇ ಇಲ್ಲ! ಯುಎಸ್‌ಬಿ ಪೋರ್ಟ್ ಓಡಿಸೋ ಎಕ್ಸ್‌ಎಚ್‌ಸಿಐ ಡ್ರೈವರೂ ಆ ಪುಟ್ಟ ಇನಿಟ್‌ರಾಮ್‌ಎಫ್‌ಎಸ್ ಇಮೇಜಲ್ಲಿಲ್ಲ.

"ಈಗ ತಾನೆ ಗ್ರಬ್ಬಲ್ಲಿ ಬಾಣದ ಕೀ ಓಡ್ತಿತ್ತು, ನಿನ್ ಕೈಗುಣ ಕಣೋ ಇದು."

ಗ್ರಬ್ಬಲ್ಲಿ ಕೀಬೋರ್ಡ್ ನೋಡ್ಕೊಳೋದು ಮದರ್‌ಬೋರ್ಡಿನ ಫರ್ಮ್‌ವೇರು, ಲಿನಕ್ಸಿನ ತಿರುಳಾದ ಕರ್ನಲ್ ಬಂದ ತಕ್ಷಣ ಅದು ಕೈ ತೊಳ್ಕೊಳ್ಳತ್ತೆ, ಅಲ್ಲಿಂದಾಚೆಗೆ ಕರ್ನಲ್ ಹತ್ರ ಸ್ವಂತ ಡ್ರೈವರ್ ಇರಬೇಕು ಅಂತ ವಿವರಿಸ್ದೆ. ಎನ್‌ವಿಎಂಇ ಡ್ರೈವರ್ ಬೇಕಾದ್ರೆ ಡಿಸ್ಕಲ್ಲೇ ಇದೆ, ಲಿಬ್ ಮಾಡ್ಯೂಲ್ಸ್ ಫೋಲ್ಡರಲ್ಲಿ, ಆದ್ರೆ ಆ ಡಿಸ್ಕ್ ತೆಗೆಯೋಕೇ ಆ ಡ್ರೈವರ್ ಬೇಕು, ಲಾಕರ್ ಬೀಗದಕೈನ ಲಾಕರೊಳಗೇ ಇಟ್ಟಂಗೆ. ಈ ಪೇಚಿಗೇ ಇನಿಟ್‌ರಾಮ್‌ಎಫ್‌ಎಸ್ ಅಂತ ಒಂದು ಮಾಡಿರೋದು, ಭಾವ ಅದನ್ನೇ ಉಪವಾಸ ಕೆಡವಿದಾರೆ.

ಕೊನೆಗೆ ಲಿನಕ್ಸ್ ನೇರ ಓಡಿಸೋ ಲೈವ್ ಯುಎಸ್‌ಬಿ ಹಾಕಿ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಡೆವ್ ಪ್ರಾಕ್ ಸಿಸ್ ಮೂರೂ ಫೋಲ್ಡರನ್ನ ಬೈಂಡ್ ಮಾಡಿ ಸಿಎಚ್‌ರೂಟ್ ಹೊಕ್ಕೆ, ಅಂದ್ರೆ ಡಿಸ್ಕಲ್ಲಿರೋ ಸಿಸ್ಟಮ್ ಒಳಗೇ ಕೂತು ಕಮಾಂಡ್ ಓಡಿಸೋ ಹಾಗೆ ಮಾಡ್ಕೊಂಡೆ. ಹುಡುಕಿದ್ರೆ ಸೆಟ್ಟಿಂಗ್ ಇಡೋ ಕಾನ್ಫ್ ಡಿ ಫೋಲ್ಡರಲ್ಲಿ ಒಂದು ಚಿಕ್ಕ ಫೈಲು, ಒಳಗೆ 'ಮಾಡ್ಯೂಲ್ಸ್ ಈಕ್ವಲ್ಸ್ ಡೆಪ್' ಅಂತ ತಣ್ಣಗೆ ಕೂತಿತ್ತು, ಬೇಕಾದಷ್ಟೇ ಸಾಕು ಅನ್ನೋ ಭಾವನ ಅದೇ ಹಳೇ ಉತ್ತರ. ಅದನ್ನ 'ಮೋಸ್ಟ್' ಮಾಡಿ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಓಡಿಸಿ ಆ ಗಂಟನ್ನ ಹೊಸದಾಗಿ ಕಟ್ಟಿ, ಒಳಗೇನಿದೆ ಅಂತ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಹಾಕಿ ಗ್ರೆಪ್ ಮಾಡಿ ಹುಡುಕ್ದೆ, ಎನ್‌ವಿಎಂಇನೂ ಎಕ್ಸ್‌ಎಚ್‌ಸಿಐನೂ ಬಂದು ಕೂತಿದ್ವು. ಹೀಗೆ ನೋಡದೇ ರೀಬೂಟ್ ಮಾಡೋರ ಧೈರ್ಯ ನನಗಿಲ್ಲಪ್ಪ.

ಭಾವ ಮಾತ್ರ ಪಕ್ಕದಲ್ಲಿ ಕೂತು ಫೈಲ್ ಸೈಜ್ ನೋಡ್ತಿದ್ರು. "ಇಷ್ಟೊಂದು ದಪ್ಪ ಆಯ್ತಲ್ಲೋ?" ಒಂದು ಟಿಬಿ ಡಿಸ್ಕು ಸ್ವಾಮಿ ಅದು!

ರೀಬೂಟ್ ಆಗಿ ಡೆಸ್ಕ್‌ಟಾಪ್ ಬಂತು. ಅಕ್ಕ ಕಾಫಿ ತಂದಿಟ್ಟು, "ಎಲ್ಲಾ ಸರಿಯಾಯ್ತಾ?" ಅಂತ ಕೇಳಿದ್ಲು, ನಾನು ಹೂಂ ಅನ್ನೋಷ್ಟರಲ್ಲಿ ಭಾವ ಮೂಲೆಯಲ್ಲಿದ್ದ ಐಕಾನ್ ತೋರಿಸಿ, "ವೈಫೈ ಎಲ್ಲೋ?" ಅಂದ್ರು.