ಹೆಸರುಗಳ ಬೆನ್ನು ಹತ್ತಿ ಎರಡು ಕಿಲೋಮೀಟರು

ಶಿವಮೊಗ್ಗದಲ್ಲಿ ಊರು ತೋರಿಸಲು ಹೊರಟವರ ಮೊದಲ ಕಷ್ಟ ಬೋರ್ಡಿನಲ್ಲೇ ಇದೆ. ‘ಶಿವಪ್ಪನಾಯಕ ಅರಮನೆ’ ಎಂದು ಬರೆದಿರುತ್ತದೆ. ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ, ಅದೂ ರಾಜಧಾನಿ ಬಿದನೂರಿನಲ್ಲಿ ಕೂತು. ಬೀಟೆಮರದ ಕಂಬಗಳ ಈ ಎರಡಂತಸ್ತಿನ ಮನೆಯನ್ನು ಬಲ್ಲವರು ಹೈದರಾಲಿಯ ಕಾಲಕ್ಕೆ ಸೇರಿಸುತ್ತಾರೆ. ಹೈದರ್ ಬಿದನೂರನ್ನು ಹಿಡಿದದ್ದು 1763ರಲ್ಲಿ; ಅಷ್ಟು ಹೊತ್ತಿಗೆ ನಾಯಕ ಹೋಗಿ ನೂರು ವರ್ಷ ದಾಟಿತ್ತು. ಬಾಗಿಲಲ್ಲೇ ಇದನ್ನು ಹೇಳಿಬಿಟ್ಟರೆ ಬಂದವರ ಮುಖ ಬಾಡುತ್ತದೆ. ಹೇಳದಿದ್ದರೆ ಸುಳ್ಳಾಗುತ್ತದೆ. ಹಾಗಾಗಿ ಅರಮನೆಯನ್ನು ಕೊನೆಗೆ ಇಟ್ಟುಕೊಂಡು, ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಬೇರೆ ಹೆಸರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಅರಮನೆ ಬರುವ ಹೊತ್ತಿಗೆ ಜನ ಹದಕ್ಕೆ ಬಂದಿರುತ್ತಾರೆ.

ಬಿಡಿಸಲು ಹೆಸರುಗಳಿಗೇನೂ ಬರ ಇಲ್ಲ. ಸವಾರ್‌ಲೈನ್ ರಸ್ತೆಯಲ್ಲಿ ಈಗ ಸವಾರಿ ಮಾಡುವವರೆಲ್ಲ ಸ್ಕೂಟರಿನವರು. ಸವಾರ ಎಂದರೆ ಕುದುರೆ ಸಿಪಾಯಿ, ಲೈನ್ ಎಂದರೆ ಸಿಪಾಯಿಗಳ ಸಾಲುಮನೆ. ಓ.ಟಿ. ರಸ್ತೆ ಆಸ್ಪತ್ರೆಯ ಆಪರೇಷನ್ ಕೋಣೆಗೆ ಹೋಗುವುದಿಲ್ಲ, ಅದು ಹಳೆಯ ತೀರ್ಥಹಳ್ಳಿ ರಸ್ತೆ. ಬಿ.ಎಚ್. ರಸ್ತೆಯ ಒಂದು ತುದಿ ಬೆಂಗಳೂರು, ಇನ್ನೊಂದು ತುದಿ ಹೊನ್ನಾವರದ ಕಡಲು. ಹಳೆಯ ಜೈಲು ಸೋಗಾನೆಗೆ ಹೋದ ಮೇಲೆ ಉಳಿದ ಬಯಲಿಗೆ ಫ್ರೀಡಂ ಪಾರ್ಕ್ ಎಂದರು, ಆಮೇಲೆ ಅಲ್ಲಮಪ್ರಭುವಿನ ಹೆಸರಿಟ್ಟರು. ಆಟೋದವರಿಗೆ ಮಾತ್ರ ಅದು ಇವತ್ತಿಗೂ ಹಳೇ ಜೈಲು. ‘ಶಿಸ್ತಿನ ಶಿವಪ್ಪನಾಯಕ’ ಅಂದರೆ ಮಕ್ಕಳು ಬೆತ್ತ ಹಿಡಿದ ಮೇಷ್ಟರನ್ನು ನೆನೆಸಿಕೊಳ್ಳುತ್ತವೆ. ಆ ಶಿಸ್ತು ಜಮೀನಿನ ಗುಣ ನೋಡಿ ಕಟ್ಟಿದ ಕಂದಾಯದ ದರ. ಊರಿನ ಹೆಸರಿಗೇ ಎರಡು ಕತೆ: ಶಿವನ ಮೊಗ ಅನ್ನುವುದು ಒಂದು, ದೂರ್ವಾಸರ ಮಡಕೆಯ ಸಿಹಿ-ಮೊಗೆ ಅನ್ನುವುದು ಇನ್ನೊಂದು. ಎರಡನ್ನೂ ಹೇಳಿ ಮುಂದೆ ನಡೆಯಬೇಕು, ತೀರ್ಪು ಕೊಡಲು ನಿಂತರೆ ಅಲ್ಲೇ ಮಧ್ಯಾಹ್ನ. 2014ರ ನವೆಂಬರ್ 1ರಂದು ಸರ್ಕಾರ ‘ಶಿಮೊಗ’ವನ್ನು ತೆಗೆದು ಶಿವಮೊಗ್ಗ ಎಂದು ಘೋಷಿಸಿದಾಗ ಬದಲಾದದ್ದು ಇಂಗ್ಲಿಷಿನವರ ಬಾಯಿ ಮಾತ್ರ.

ಇನ್ನು ಲೆಕ್ಕ. ಒಬ್ಬರ ಗಂಟಲಿಗೆ ಹದಿನೈದು ಜನ ಸಾಕು. ಇಪ್ಪತ್ತು ದಾಟಿದರೆ ಹಿಂದಿನ ಸಾಲಿನಲ್ಲಿ ಇನ್ನೊಂದು ಪ್ರವಾಸ ಶುರುವಾಗುತ್ತದೆ. ಒಬ್ಬನೇ ನಡೆದರೆ ಗಂಟೆಗೆ ನಾಲ್ಕೈದು ಕಿಲೋಮೀಟರು, ಗುಂಪು ನಡೆದರೆ ಎರಡೇ. ಎರಡು ಕಿಲೋಮೀಟರಿನ ದಾರಿ, ಎಂಟು ಕಡೆ ನಿಲುಗಡೆ, ಒಂದೊಂದಕ್ಕೆ ಏಳೆಂಟು ನಿಮಿಷ. ಅಲ್ಲಿಗೆ ಎರಡು ಗಂಟೆ ಸಂದಿತು. ಎಂಟಕ್ಕೆ ಹೊರಟರೆ ಹತ್ತರ ಸುಮಾರಿಗೆ ಅರಮನೆ ತಲುಪಬಹುದು. ಒಳಗಿರುವುದು ಸರ್ಕಾರಿ ಮ್ಯೂಸಿಯಂ, ಬಾಗಿಲು ತೆರೆಯುವುದು ಕಚೇರಿ ಹೊತ್ತಿಗೆ. ವಾರದ ರಜೆ ಯಾವತ್ತು ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು. ನಿಂತಾಗ ಬಿಸಿಲಿಗೆ ಮುಖ ಕೊಡಬೇಕಾದವರು ಹೇಳುವವರು, ಕೇಳುವವರಲ್ಲ. ಕೊನೆಯವರು ಬಂದು ಸೇರುವ ತನಕ ಬಾಯಿ ತೆರೆಯಬಾರದು, ತೆರೆದರೆ ಅವರು ಬಂದವರೇ “ಏನಂದ್ರು?” ಎಂದು ಪಕ್ಕದವರನ್ನು ಕೇಳಿ ಇಬ್ಬರ ಕಿವಿಯನ್ನೂ ಕೆಡಿಸುತ್ತಾರೆ.

ಕೋಟೆ ಆಂಜನೇಯನ ಗುಡಿಯಲ್ಲಿ ಸಮಯ ತಿನ್ನುವುದು ದೇವರಲ್ಲ, ಬೂಟಿನ ಲೇಸು. ಹದಿನೈದು ಜನ ಬಿಚ್ಚಿ ಕಟ್ಟಲು ಹತ್ತು ನಿಮಿಷ ಬೇಕು. ಚಪ್ಪಲಿ ಹಾಕಿಕೊಂಡು ಬನ್ನಿ ಎಂದು ಮೊದಲೇ ಹೇಳಿದರೆ ಅರ್ಧ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೊಡೆಯ ಕಾಟ ಬೇರೆ: ಹದಿನೈದು ಕೊಡೆ ಬಿಚ್ಚಿದರೆ ಗುಂಪು ಮೂರು ಪಟ್ಟು ಅಗಲವಾಗುತ್ತದೆ, ಕೊಡೆಯ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಇತಿಹಾಸ ಕೇಳಿಸುವುದಿಲ್ಲ. ಆಗ ಜಗಲಿಯಿಂದ ಜಗಲಿಗೆ ಹಾರುವುದೇ ದಾರಿ.

ಆದರೂ ಮಳೆಗಾಲದಲ್ಲಿ ತುಂಗೆಯ ದಂಡೆಯನ್ನು ಬಿಡುವಂತಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪವಿದೆ. ಮಳೆಯ ಅಂಕಿ ಎಷ್ಟೇ ಬರಲಿ, ಊರಿನವರ ಪ್ರಶ್ನೆ “ಮಂಟಪ ಮುಳುಗಿತಾ?” ಎನ್ನುವುದೇ. ಮುಳುಗಿದರೆ ಗಾಜನೂರಿನ ಅಣೆಕಟ್ಟಿನಿಂದ ಚೆನ್ನಾಗಿ ನೀರು ಬಿಟ್ಟಿದ್ದಾರೆ ಎಂದು ಅರ್ಥ. ಇಲ್ಲಿ ಯಾರಾದರೂ ಹಿರಿಯರು ಬಂದು “ಹಾಗಲ್ಲ ಮಾರಾಯ್ರೆ, ಅದು…” ಎಂದು ಶುರುಮಾಡುವುದು ಖಂಡಿತ. ಎರಡು ನಿಮಿಷ ಬಿಟ್ಟುಕೊಡಿ. ಅವರ ಇಸವಿಗಳನ್ನು ನಂಬಬೇಡಿ, ನೀರು ಯಾವ ಮೆಟ್ಟಿಲಿನ ತನಕ ಬಂದಿತ್ತು ಎನ್ನುವುದನ್ನು ನಂಬಿ.

ಅರಮನೆಯ ಅಂಗಳದಲ್ಲಿ ಮಾತ್ರ ಗಡಿಯಾರ ಮರೆಯಬೇಕು. ಜಿಲ್ಲೆಯ ಊರೂರಿನಿಂದ ತಂದ ಕಲ್ಲುಗಳು ಅಲ್ಲಿ ಸಾಲಾಗಿ ನಿಂತಿವೆ. ಹೆಚ್ಚಿನವರು ಅವುಗಳ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಒಂದು ಮಾತು ಹೇಳಿ ನೋಡಿ. ತಳದ ಪಟ್ಟಿಯಲ್ಲಿ ಕಾಳಗ. ದನಗಳಿದ್ದರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗ, ಪೂಜಾರಿ, ಕೈಮುಗಿದು ಕೂತ ವೀರ, ಅದು ಕೈಲಾಸ. ಸೂರ್ಯಚಂದ್ರರು ತುದಿಯಲ್ಲಿ. ಪಕ್ಕದ ಕಲ್ಲಿನಲ್ಲಿ ಮೊಣಕೈ ಮಡಿಸಿ ಎತ್ತಿದ ಬಳೆಯ ತೋಳು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ಕಲ್ಲು. ಅಲ್ಲಿ ಗುಂಪು ತಾನಾಗಿ ಸುಮ್ಮನಾಗುತ್ತದೆ, ವಿವರಣೆ ಸೇರಿಸಲು ಹೋಗಬೇಡಿ.

ಶಾಸನಕ್ಕೆ ಟಾರ್ಚು ಬೇಕು, ಹಗಲಲ್ಲೂ. ಎದುರಿನಿಂದ ಹಿಡಿದರೆ ಕಲ್ಲು ಬೋಳಾಗಿ ಕಾಣುತ್ತದೆ. ಕಲ್ಲಿನ ಮಗ್ಗುಲಿಗೆ ಒತ್ತಿ ಓರೆಯಾಗಿ ಬಿಟ್ಟರೆ ಸವೆದ ಅಕ್ಷರದ ಗುಳಿಯಲ್ಲೂ ನೆರಳು ನಿಲ್ಲುತ್ತದೆ. ಸುಣ್ಣ, ಹಿಟ್ಟು, ಚಾಕ್‌ಪೀಸು ಉಜ್ಜುವ ಹಳೇ ಚಾಳಿ ಬೇಡ. ಒಬ್ಬರು ತಪ್ಪಾಗಿ ತೀಡಿದ ಗೆರೆಯನ್ನೇ ಮುಂದಿನವರು ಓದುತ್ತಾರೆ. ದಾನಶಾಸನದ ಕೊನೆಯಲ್ಲಿ ಸಾಮಾನ್ಯವಾಗಿ ಶಾಪವಿರುತ್ತದೆ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ತೋಟದ ಬೇಲಿಯ ವ್ಯಾಜ್ಯ ಇಟ್ಟುಕೊಂಡವರು ಗುಂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಎಷ್ಟು ವರ್ಷ ಅಂದಿರಿ ಎಂದು ಇನ್ನೊಮ್ಮೆ ಕೇಳುತ್ತಾರೆ.

ಕಟ್ಟಿಸಿದ್ದು ಯಾರ ಕಾಲದಲ್ಲಿ ಎನ್ನುವುದನ್ನು ಹೇಳಬೇಕಾದದ್ದು ಈಗ, ಬೀಟೆ ಕಂಬದ ನೆರಳಲ್ಲಿ ಎಲ್ಲರೂ ಕೂತು ನೀರು ಕುಡಿಯುವಾಗ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, “ಹೌದಾ!” ಎನ್ನುತ್ತಾರೆ, ಕಂಬ ಮುಟ್ಟಿ ನೋಡುತ್ತಾರೆ. ಆಮೇಲೆ ಗೇಟಿನ ಹತ್ತಿರ ಬೋರ್ಡು ಬರುವ ಹಾಗೆ ಒಂದು ಗುಂಪು ಫೋಟೊ. ಮನೆ ಮುಟ್ಟುವ ಮೊದಲೇ ಅದು ವಾಟ್ಸಾಪಿನಲ್ಲಿ ಬಂದಿರುತ್ತದೆ, ಕೆಳಗೆ ಎರಡು ಪದ: ಶಿವಪ್ಪನಾಯಕನ ಅರಮನೆ.